ಹಡಗಿನ ಔತಣಕ್ಕೆ ಮದುವೆಮನೆಯ ಸೀರೆ

ಸಾಗರ ತಾಲ್ಲೂಕಿನ ಹಳ್ಳಿಯವರಾದ ನಮಗೆ ಗೊತ್ತಿದ್ದ ಹಡಗೆಂದರೆ ಸಿಗಂದೂರಿನ ಲಾಂಚು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಶರಾವತಿ ಹಿನ್ನೀರು ದಾಟುವಾಗ ಯಾರು ಏನು ಉಟ್ಟಿದ್ದಾರೆಂದು ಯಾರೂ ನೋಡುತ್ತಿರಲಿಲ್ಲ. ಹಾಗಿರುವಾಗ ಸಿಂಗಪುರದಲ್ಲಿರುವ ಮಗಳು ನಾಲ್ಕು ರಾತ್ರಿಗಳ ಕ್ರೂಸ್‌ಗೆ ನಮ್ಮಿಬ್ಬರ ಟಿಕೆಟನ್ನೂ ಮಾಡಿಸಿಬಿಟ್ಟಳು. ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಕೊಂಡು ವಾಪಸು. ಮಾರ್ಚ್ ತಿಂಗಳು, ಅಡಿಕೆ ಕೊಯ್ಲು ಮುಗಿದಿತ್ತು, ತಪ್ಪಿಸಿಕೊಳ್ಳಲು ಇವರಿಗೆ ನೆಪವೂ ಇರಲಿಲ್ಲ. ಟಿಕೆಟ್ಟಿನ ಜೊತೆ ಬಂದ ಸೂಚನೆಗಳ ಕೊನೆಯಲ್ಲಿ ಒಂದು ಸಾಲು: ಎರಡನೆಯ ಸಂಜೆ ‘ಫಾರ್ಮಲ್’, ಗಂಡಸರಿಗೆ ಸೂಟು ಮತ್ತು ಟೈ, ಹೆಂಗಸರಿಗೆ ಗೌನು. ಇವರು ಕನ್ನಡಕ ತೆಗೆದು, “ಊಟಕ್ಕೆ ಕರೆಯುತ್ತಿದ್ದಾರೋ, ಯಕ್ಷಗಾನ ಮೇಳಕ್ಕೆ ಸೇರಿಸಿಕೊಳ್ಳುತ್ತಿದ್ದಾರೋ?” ಎಂದು ಕೇಳಿದರು.

ಅರವತ್ತೆರಡನೆಯ ವಯಸ್ಸಿನಲ್ಲಿ ಗೌನು ಹಾಕುವವಳು ನಾನಲ್ಲ. ಮಗಳಿಂದ ಹಡಗಿನ ಕಂಪನಿಗೆ ಫೋನು ಮಾಡಿಸಿದೆ. ಅವರವರ ದೇಶದ ಸಾಂಪ್ರದಾಯಿಕ ಉಡುಪು ಫಾರ್ಮಲ್ ಎಂದೇ ಲೆಕ್ಕ, ಸೀರೆಗೆ ಯಾವ ಅಡ್ಡಿಯೂ ಇಲ್ಲ ಎಂದರು. ಹೆಚ್ಚಿನ ಕ್ರೂಸ್ ಕಂಪನಿಗಳ ಪದ್ಧತಿ ಇದೇ ಎಂದು ಆಮೇಲೆ ತಿಳಿಯಿತು. ಕುನಾರ್ಡ್‌ನಂಥ ಹಳೆಯ ಬ್ರಿಟಿಷ್ ಕಂಪನಿಯ ಹಡಗುಗಳಲ್ಲಿ ಮಾತ್ರ ಗಾಲಾ ಸಂಜೆಗಳೆಂದರೆ ಸ್ವಲ್ಪ ಬಿಗಿ. ನಾವು ಹತ್ತಿದ್ದು ಮಕ್ಕಳುಮರಿಗಳ ಹಡಗು. ವೇಷಭೂಷಣ ಬೇಡ ಅನ್ನುವವರಿಗೆ ಮೇಲಿನ ಅಂತಸ್ತಿನಲ್ಲಿ ಬಫೆ ತೆರೆದೇ ಇರುತ್ತದೆ. ಇದನ್ನು ಮಗಳು ತನ್ನ ಅಪ್ಪಯ್ಯನಿಗೆ ಬೇಕೆಂದೇ ಹೇಳಿರಲಿಲ್ಲ.

ಇನ್ನು ಯಾವ ಸೀರೆ? ಟ್ರಂಕು ತೆಗೆದರೆ ನನ್ನ ಮದುವೆಯ ಕಾಂಚಿ ಸೀರೆಗೆ ಹೋದ ಮಳೆಗಾಲದ ಬೂಷ್ಟು. ಮಡಿಕೆ ಬಿದ್ದ ಕಡೆಯಲ್ಲೆಲ್ಲ ಜರಿ ಒಡೆದು ದಾರ ಕಾಣುತ್ತಿತ್ತು. ಅದು ಚೆನ್ನಾಗಿದ್ದರೂ ನಾನು ಒಯ್ಯುತ್ತಿರಲಿಲ್ಲ. ಉಟ್ಟರೆ ಅರ್ಧ ಮಣ ಹೊತ್ತಂತೆ, ಪೆಟ್ಟಿಗೆಯಲ್ಲಿಟ್ಟರೆ ಅರ್ಧ ಪೆಟ್ಟಿಗೆ. ಮಗನ ಮದುವೆಗೆ ತೆಗೆದುಕೊಂಡಿದ್ದ ಮೈಸೂರು ಸಿಲ್ಕನ್ನೇ ಆರಿಸಿಕೊಂಡೆ. ಕ್ರೇಪ್ ರೇಷ್ಮೆ, ಹುರಿ ಹೊಸೆದ ಎಳೆಯ ನೇಯ್ಗೆ. ಮುದುರಿದರೂ ಸುಕ್ಕು ಹೆಚ್ಚು ನಿಲ್ಲುವುದಿಲ್ಲ, ಮೈಗೆ ಅಂಟಿಕೊಂಡು ಇಳಿಯುತ್ತದೆ. ಕಡುನೇರಳೆ ಬಣ್ಣ, ಬೆರಳಗಲದ ಜರಿ ಅಂಚು. ಅದನ್ನು ಮಡಿಸದೆ, ಹಳೆಯ ಬಿಳಿ ಪಂಚೆಯೊಂದನ್ನು ಒಳಗಿಟ್ಟು ಚಾಪೆ ಸುತ್ತಿದ ಹಾಗೆ ಸುತ್ತಿದೆ.

ಸಮುದ್ರದ ಮೇಲೆ ಸೀರೆಗೆ ಎದುರಾಗುವ ತೊಂದರೆ ಅಂದಚಂದದ್ದಲ್ಲ, ನಡಿಗೆಯದ್ದು. ಎಷ್ಟೇ ದೊಡ್ಡ ಹಡಗಾದರೂ ನೆಲ ಒಮ್ಮೊಮ್ಮೆ ಕಾಲಡಿಯಿಂದ ಮೆಲ್ಲಗೆ ಜಾರಿದಂತಾಗುತ್ತದೆ. ನೆರಿಗೆ ನೆಲ ಮುಟ್ಟುವಂತೆ ಉಟ್ಟವಳು ಅದೇ ಗಳಿಗೆಯಲ್ಲಿ ಅಂಚು ತುಳಿದರೆ ಮುಗಿಯಿತು. ಹೊರಡುವ ಮುನ್ನ ಅದೇ ಸೀರೆ, ಅದೇ ಚಪ್ಪಲಿಯಲ್ಲಿ ಮನೆಯ ಅಟ್ಟದ ಏಣಿಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿದು ನೋಡಿದೆ. ಮೊದಲ ಸಲ ಎಡವಿದೆ. ಒಳಲಂಗವನ್ನು ಒಂದಂಗುಲ ಮೇಲೆ ಕಟ್ಟಿ, ನೆರಿಗೆಯ ಗೊಂಚಲಿಗೆ ಹೊಕ್ಕುಳ ಹತ್ತಿರ ಒಂದು ಪಿನ್ನು, ಅಲ್ಲಿಂದ ಗೇಣುದ್ದ ಕೆಳಗೆ ಒಳಮಗ್ಗುಲಿಗೆ ಇನ್ನೊಂದು ಪಿನ್ನು ಹಾಕಿದ ಮೇಲೆ ಸರಿಹೋಯಿತು. ಭುಜದ ಪಿನ್ನಿನ ಕೆಳಗೆ ಅದೇ ಬಣ್ಣದ ಬಟ್ಟೆಯ ಚೂರು ಇಟ್ಟುಕೊಳ್ಳಿ, ರೇಷ್ಮೆ ಹರಿಯುವುದಿಲ್ಲ. ಹಿಮ್ಮಡಿ ಎತ್ತರದ ಚಪ್ಪಲಿ ಬೇಡವೇ ಬೇಡ. ಹಾಗೆಂದು ಹವಾಯಿ ಚಪ್ಪಲಿಯಲ್ಲಿ ಹೋದರೆ ಊಟದ ಹಾಲ್‌ನ ಬಾಗಿಲಲ್ಲೇ ತಡೆಯುತ್ತಾರೆ.

ರವಿಕೆಯನ್ನು ಮೊಣಕೈವರೆಗೆ ಹೊಲಿಸಿದೆ. ಇದು ಮಗಳ ಸಲಹೆ, ಬಂಗಾರದಂಥ ಸಲಹೆ. ಹೊರಗೆ ಬೆವರು ಸುರಿಯುವ ಸಮುದ್ರದ ಸೆಕೆ, ಒಳಗಿನ ಹಾಲ್‌ನಲ್ಲಿ ಆಗುಂಬೆಯ ಶ್ರಾವಣದಂಥ ಏಸಿ.

ಇವರ ಕಥೆಯೇ ಬೇರೆ. “ರೇಷ್ಮೆ ಪಂಚೆ ಉಟ್ಟು ಶಲ್ಯ ಹೊದೆಯುತ್ತೇನೆ, ಅದೂ ಸಾಂಪ್ರದಾಯಿಕವೇ” ಎಂದು ಕುಳಿತರು. ಮಾತೇನೋ ನ್ಯಾಯ. ಆದರೆ ಕಚ್ಚೆ ಹಾಕಿದರೆ ಹತ್ತು ಹೆಜ್ಜೆಗೊಮ್ಮೆ ಸಡಿಲವಾಗುತ್ತದೆ. ಅಡ್ಡಪಂಚೆ ಉಟ್ಟು ತೆರೆದ ಡೆಕ್ಕಿಗೆ ಹೋದರೆ ಗಾಳಿ ಏನು ಮಾಡುತ್ತದೆಂದು ಯಾರೂ ವಿವರಿಸಬೇಕಾಗಲಿಲ್ಲ, ಅವರಿಗೇ ಹೊಳೆಯಿತು. ಕೊನೆಗೆ ಶಿವಮೊಗ್ಗದ ದುರ್ಗಿಗುಡಿಗೆ ಹೋಗಿ ಕಪ್ಪು ಬಣ್ಣದ, ಕೊರಳು ಮುಚ್ಚುವ ಜೋಧ್‌ಪುರಿ ಕೋಟಿಗೆ ಅಳತೆ ಕೊಟ್ಟೆವು. ಟೈ ಕಟ್ಟುವ ಗೋಳಿಲ್ಲ, ಒಳಗಿನ ಅಂಗಿ ಯಾವುದಾದರೂ ನಡೆಯುತ್ತದೆ. ಹೊಲಿಗೆಯವರು ಹತ್ತು ದಿನ ಎಂದು ಹೇಳಿ ಇಪ್ಪತ್ತೊಂದನೆಯ ದಿನ, ಅಂದರೆ ನಾವು ಹೊರಡುವ ಹಿಂದಿನ ಸಂಜೆ ಕೊಟ್ಟರು. ಮನೆಗೆ ತಂದು ನೋಡಿದರೆ ಕೊರಳಿನ ಕೊಕ್ಕೆಯೇ ಇಲ್ಲ. ನನ್ನ ಹಳೆಯ ರವಿಕೆಯ ಕೊಕ್ಕೆ ಬಿಚ್ಚಿ ರಾತ್ರಿ ಹನ್ನೊಂದಕ್ಕೆ ಹೊಲಿದೆ. ಹಡಗಿನಲ್ಲಿ ಆ ಕೋಟನ್ನು ನೋಡಿದವರಿಗೆ ಗೊತ್ತಾಗದ ಗುಟ್ಟು ಅದು.

ನಾನು ಮಾಡಿದ ತಪ್ಪು ಒಂದು: ಸಣ್ಣ ಇಸ್ತ್ರಿಪೆಟ್ಟಿಗೆ ಒಯ್ದದ್ದು. ಬೆಂಕಿಯ ಭಯದಿಂದ ಹಡಗಿನ ಕೋಣೆಗಳಲ್ಲಿ ಇಸ್ತ್ರಿಪೆಟ್ಟಿಗೆ ನಿಷೇಧ. ಹತ್ತುವ ಮೊದಲು ಪೆಟ್ಟಿಗೆ ತಪಾಸಣೆಯಲ್ಲಿ ತೆಗೆದಿಟ್ಟುಕೊಂಡು ಚೀಟಿ ಕೊಟ್ಟರು, ಇಳಿಯುವಾಗ ವಾಪಸು. ನಮ್ಮ ದೊಡ್ಡ ಪೆಟ್ಟಿಗೆಗಳೂ ಕೋಣೆಗೆ ಬಂದದ್ದು ಸಂಜೆಯ ಮೇಲೆಯೇ, ಹಾಗಾಗಿ ಔಷಧಿ ಮತ್ತು ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಸೀರೆಯನ್ನು ಬಚ್ಚಲುಮನೆಯ ಬಾಗಿಲ ಹಿಂದೆ ತೂಗುಹಾಕಿ, ಬಿಸಿನೀರು ಬಿಟ್ಟು, ನೀರು ಸಿಡಿಯದಂತೆ ಹತ್ತು ನಿಮಿಷ ಹಬೆಯಲ್ಲಿ ಇಟ್ಟೆ. ಇದ್ದ ಅಷ್ಟಿಷ್ಟು ಸುಕ್ಕೂ ಹೋಯಿತು. ಕೋಟಿಗೂ ಅದೇ ಉಪಚಾರ. ಸೆಂಟನ್ನು ಉಡುವ ಮೊದಲೇ ಕೊರಳಿಗೆ ಹಚ್ಚಿಕೊಂಡೆ. ಜರಿಯಲ್ಲಿ ಬೆಳ್ಳಿ ಇರುವುದರಿಂದ ಅದರ ಮೇಲೆ ಸಿಂಪಡಿಸಿದರೆ ಕಪ್ಪಾಗುತ್ತದೆ.

ಒಡವೆಯೆಂದು ಒಯ್ದದ್ದು ಅವಲಕ್ಕಿ ಸರ, ಎರಡು ಬಳೆ, ಅಷ್ಟೇ. ಕೋಣೆಯಲ್ಲಿ ಸಣ್ಣ ತಿಜೋರಿ ಇರುತ್ತದೆ, ಆದರೂ ನಿದ್ದೆ ಕೆಡಿಸುವಷ್ಟು ಬಂಗಾರ ಯಾಕೆ?

ಆ ಸಂಜೆ ಹಾಲ್‌ಗೆ ಕಾಲಿಟ್ಟಾಗ ಎದೆ ಸ್ವಲ್ಪ ಹೊಡೆದುಕೊಂಡಿತು, ಸುಳ್ಳು ಹೇಳಲಾರೆ. ಸುತ್ತ ನೋಡಿದರೆ ಸೂಟು ಹಾಕಿದವರು ಅರ್ಧಕ್ಕಿಂತ ಕಡಿಮೆ. ಪಕ್ಕದ ಮೇಜಿನ ಮಲೇಷ್ಯಾದವರೊಬ್ಬರು ತುಂಬುತೋಳಿನ ಬಾಟಿಕ್ ಅಂಗಿ ತೊಟ್ಟಿದ್ದರು, ಅವರ ಕಡೆ ಅದೇ ಮರ್ಯಾದೆಯ ಉಡುಪಂತೆ. ಅವರ ತಾಯಿ ನನ್ನ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ ತಲೆದೂಗಿದರು. ಅಂಗಡಿಯಲ್ಲಿ ನಾನು ಮಾಡುವ ಪರೀಕ್ಷೆಯೂ ಥೇಟ್ ಅದೇ. ಹಡಗಿನ ಛಾಯಾಗ್ರಾಹಕ ಮೆಟ್ಟಿಲ ಬಳಿ ನಿಲ್ಲಿಸಿ ನಾಲ್ಕು ಫೋಟೋ ತೆಗೆದ. ಮರುದಿನ ಬೆಲೆ ಕೇಳಿ ನಾವು ನಗುತ್ತಾ ಬಂದೆವು, ಮಗಳ ಮೊಬೈಲಿನಲ್ಲಿ ತೆಗೆದದ್ದೇ ಚೆನ್ನಾಗಿದೆ.

ಊರಿಗೆ ಬಂದು ಸೀರೆಯನ್ನು ಎರಡು ದಿನ ನೆರಳಲ್ಲಿ ಹರವಿ, ಈ ಸಲ ಲಾವಂಚದ ಬೇರಿನ ಜೊತೆ ಸುತ್ತಿಯೇ ಟ್ರಂಕಿಗೆ ಇಟ್ಟಿದ್ದೇನೆ. ಕೋಟನ್ನು ಇವರು ಮೇ ತಿಂಗಳಲ್ಲಿ ಸಾಗರದ ಮದುವೆಯೊಂದಕ್ಕೆ ಹಾಕಿಕೊಂಡು ಹೋದರು. ಧಾರೆಗೆ ಮೊದಲೇ ಸೆಕೆ ತಡೆಯದೆ ಬಿಚ್ಚಲು ಹೋಗಿ, ನಾನು ಹೊಲಿದ ಕೊಕ್ಕೆ ಬಿಡದೆ, ಛತ್ರದ ಮೂಲೆಯಲ್ಲಿ ನನ್ನನ್ನೇ ಕರೆಯಬೇಕಾಯಿತು.