ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಇದೆಯೇ, ವೋಟು ಇದೆಯೇ? ನಿಮ್ಮ ದಾಖಲೆ ನೀವೇ ನೋಡಿಕೊಳ್ಳುವುದು ಹೀಗೆ

ಫ್ರೀಮಾಂಟ್‌ನಲ್ಲಿ ಸಣ್ಣ ಕೇಟರಿಂಗ್ ನಡೆಸುವ ನಮ್ಮ ಪರಿಚಯದವರ ಮನೆಗೆ ಒಂದು ಕಾಗದ ಬಂತು. ಮೇಲೆ ಮುದ್ರೆಯಂಥ ಚಿತ್ರ. ಒಳಗೆ ಅವರ ಕಂಪನಿಯ ಹೆಸರು, ನೋಂದಣಿ ಸಂಖ್ಯೆ, ಕೊನೆಯ ದಿನಾಂಕ. 200 ಡಾಲರಿಗೂ ಜಾಸ್ತಿ ಕಟ್ಟಬೇಕು ಅಂತ ಬರೆದಿತ್ತು. ಗಾಬರಿಯಾಗಿ ಚೆಕ್ ಕಳಿಸಿಬಿಟ್ಟರು. ಆ ಕಾಗದ ಸರ್ಕಾರದ್ದಲ್ಲ. ನೇರವಾಗಿ ಸರ್ಕಾರಕ್ಕೇ ಕಟ್ಟಿದ್ದರೆ 20 ಡಾಲರಿನಲ್ಲಿ ಕೆಲಸ ಮುಗಿಯುತ್ತಿತ್ತು.

ನಮ್ಮಲ್ಲಿ ಚುನಾವಣೆಗೆ ಚುನಾವಣಾ ಆಯೋಗ, ಕಂಪನಿಗೆ ಕೋರಮಂಗಲದ ಕಂಪನಿ ರಿಜಿಸ್ಟ್ರಾರ್ ಕಚೇರಿ. ಕ್ಯಾಲಿಫೋರ್ನಿಯಾದಲ್ಲಿ ಇವೆರಡೂ ಒಂದೇ ಸೂರಿನಡಿ ಇವೆ. ಅದು ಸ್ಯಾಕ್ರಮೆಂಟೊದಲ್ಲಿರುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ವಾಷಿಂಗ್ಟನ್‌ನಲ್ಲಿ ಇದೇ ಹೆಸರಿನ ಹುದ್ದೆಯಲ್ಲಿರುವವರು ವಿದೇಶಾಂಗ ನೋಡಿಕೊಳ್ಳುತ್ತಾರೆ, ಅವರು ಬೇರೆ. ಇವರನ್ನು ರಾಜ್ಯದ ಜನರೇ 4 ವರ್ಷಕ್ಕೊಮ್ಮೆ ಆರಿಸುತ್ತಾರೆ. ಕಂಪನಿಗಳ ಪಟ್ಟಿಯೂ ಮತದಾರರ ಪಟ್ಟಿಯೂ ಇವರ ಬಳಿಯೇ ಇರುತ್ತವೆ. ಎರಡರಲ್ಲೂ ನಿಮ್ಮ ಹೆಸರಿರಬಹುದು. ಅದು ಸರಿಯಾಗಿದೆಯೇ ಎಂದು ನೋಡುವುದು ಅರ್ಧ ಗಂಟೆಯ ಕೆಲಸ.

ಮೊದಲು ಕಂಪನಿ ಹುಡುಕಿ

ಸೆಕ್ರೆಟರಿ ಆಫ್ ಸ್ಟೇಟ್‌ನ ವೆಬ್‌ಸೈಟಿನಲ್ಲಿ ಕಂಪನಿ ದಾಖಲೆ ನೋಡುವ, ಸಲ್ಲಿಸುವ ‘ಬಿಜ್‌ಫೈಲ್ ಆನ್‌ಲೈನ್’ ಇದೆ. ವಿಳಾಸ ಜಿ-ಓ-ವಿ ಎಂದು ಮುಗಿಯಬೇಕು, ಡಾಟ್ ಕಾಮ್ ಆಗಿದ್ದರೆ ಅದು ಬೇರೆ ಯಾರದೋ. ಅಲ್ಲಿ ಕಂಪನಿಯ ಹೆಸರು ಹಾಕಿ. ಹುಡುಕಲು ದುಡ್ಡು ಕಟ್ಟಬೇಕಿಲ್ಲ. ಮೂರು ವಿಷಯ ನೋಡಿ: ಸ್ಥಿತಿ ‘ಆಕ್ಟಿವ್’ ಎಂದಿದೆಯೇ, ವಿಳಾಸ ನಿಮ್ಮದೇ ಇದೆಯೇ, ಕೋರ್ಟಿನ ನೋಟಿಸ್ ಪಡೆಯುವ ಏಜೆಂಟ್ ಹೆಸರು ನೀವು ಕೊಟ್ಟದ್ದೇ ಇದೆಯೇ. ಆಮೇಲೆ ಇದುವರೆಗೆ ಸಲ್ಲಿಕೆಯಾದ ಕಾಗದಗಳ ಪಟ್ಟಿ ತೆರೆಯಿರಿ. ನೀವು ಸಲ್ಲಿಸದ ಕಾಗದ ಒಂದಾದರೂ ಇದ್ದರೆ ಅಲ್ಲೇ ನಿಲ್ಲಿ.

ಇದು ಯಾಕೆ ಮುಖ್ಯ ಅಂದರೆ, ಈ ಕಚೇರಿ ಫಾರಂ ಸರಿಯಾಗಿ ತುಂಬಿದೆಯೇ, ಶುಲ್ಕ ಬಂದಿದೆಯೇ ಎಂದು ನೋಡುತ್ತದೆ. ಬರೆದದ್ದು ನಿಜವೇ ಎಂದು ಮನೆಗೆ ಬಂದು ವಿಚಾರಿಸುವುದಿಲ್ಲ. ಮೋಸಗಾರರು ಹಿಡಿದುಕೊಳ್ಳುವುದು ಇದನ್ನೇ. ನಿಮ್ಮ ಕಂಪನಿಯ ವಿಳಾಸ, ಮ್ಯಾನೇಜರ್ ಹೆಸರು ಬದಲಾಯಿಸಿ, ಆ ದಾಖಲೆಯನ್ನೇ ತೋರಿಸಿ ಸಾಲ ಎತ್ತುತ್ತಾರೆ. ವ್ಯಾಪಾರ ನಿಂತು ಸುಮ್ನೆ ಬಿದ್ದಿರುವ ಹಳೆಯ ಕಂಪನಿಗಳು ಅವರಿಗೆ ಇನ್ನೂ ಸುಲಭ. ಊರಿಗೆ ವಾಪಸ್ ಹೋದವರು ದಯವಿಟ್ಟು ಕಂಪನಿಯನ್ನು ಹಾಗೇ ಬಿಟ್ಟು ಹೋಗಬೇಡಿ, ಮುಚ್ಚುವ ಅರ್ಜಿ ಹಾಕಿ.

ಕಾಗದ ಬಂದರೆ ಹೀಗೆ ಓದಿ

ದೊಡ್ಡ ಅಕ್ಷರ ಬಿಡಿ, ಸಣ್ಣ ಅಕ್ಷರ ಓದಿ. ಸರ್ಕಾರಿ ಕಾಗದದಂತೆ ಕಾಣುವ ಪತ್ರ ಕಳಿಸುವ ಖಾಸಗಿಯವರು ‘ಇದಕ್ಕೆ ಯಾವ ಸರ್ಕಾರಿ ಸಂಸ್ಥೆಯ ಒಪ್ಪಿಗೆಯೂ ಇಲ್ಲ’ ಎಂದು ಬರೆಯಲೇಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ ಕಾನೂನಿದೆ. ಪತ್ರದಲ್ಲಿ ಕಂಪನಿಯ ಸಂಖ್ಯೆ ಇದೆ ಅಂತ ನಂಬಬೇಡಿ. ಅದು ಎಲ್ಲರಿಗೂ ಸಿಗುವ ಮಾಹಿತಿ, ನೀವೇ ಈಗ ನೋಡಿದಿರಿ ಅಲ್ವಾ? ‘ವಾರ್ಷಿಕ ಸಭೆಯ ನಡಾವಳಿ’ ಸಲ್ಲಿಸಿ ಎಂದು ಕೇಳಿದರೆ ಇನ್ನೂ ಅನುಮಾನಪಡಿ. ಆ ನಡಾವಳಿ ಕಂಪನಿಯ ಕಡತದಲ್ಲೇ ಇರಬೇಕಾದದ್ದು, ಸೆಕ್ರೆಟರಿ ಆಫ್ ಸ್ಟೇಟ್‌ಗೆ ಕಳಿಸುವಂಥದ್ದಲ್ಲ.

ನಿಜವಾಗಿ ಸಲ್ಲಿಸಬೇಕಾದದ್ದು ‘ಸ್ಟೇಟ್‌ಮೆಂಟ್ ಆಫ್ ಇನ್‌ಫರ್ಮೇಶನ್’, ಅಂದರೆ ಕಂಪನಿಯ ವಿಳಾಸ, ನಡೆಸುವವರು, ಏಜೆಂಟ್ ಇವರ ವಿವರ ಕೊಡುವ ಫಾರಂ. ಎಲ್‌ಎಲ್‌ಸಿ (ಲಿಮಿಟೆಡ್ ಲಯಬಿಲಿಟಿ ಕಂಪನಿ) ಆದರೆ 2 ವರ್ಷಕ್ಕೊಮ್ಮೆ, 20 ಡಾಲರ್. ಕಾರ್ಪೊರೇಶನ್ ಆದರೆ ಪ್ರತಿ ವರ್ಷ, 25 ಡಾಲರ್. ಕಂಪನಿ ನೋಂದಣಿಯಾದ ತಿಂಗಳು ಮತ್ತು ಅದಕ್ಕೆ ಮುಂಚಿನ 5 ತಿಂಗಳು ಇದಕ್ಕೆ ಸಮಯ. ತಪ್ಪಿಸಿದರೆ 250 ಡಾಲರ್ ದಂಡ ಬೀಳುತ್ತದೆ. ಹಾಗೇ ಬಿಟ್ಟರೆ ಕಂಪನಿ ‘ಸಸ್ಪೆಂಡ್’ ಕೂಡ ಆಗಬಹುದು. ಬಿಜ್‌ಫೈಲ್‌ನಲ್ಲೇ ಖಾತೆ ತೆರೆದು ನೀವೇ ತುಂಬಿ. ಇಮೇಲ್ ಸೂಚನೆ ಬೇಕೇ ಎಂದು ಕೇಳುವ ಕಡೆ ‘ಹೌದು’ ಒತ್ತಿ. ಇಲ್ಲಿ ಬರೆದ ವಿಳಾಸ ಎಲ್ಲರಿಗೂ ಕಾಣುತ್ತದೆ, ಅಂಗಡಿ ಅಥವಾ ಆಫೀಸಿನ ವಿಳಾಸ ಇದ್ದರೆ ಅದನ್ನೇ ಕೊಡಿ.

ಬೇರೆಯವರು ಕೈ ಹಾಕಿದ್ದರೆ

ಮೊದಲು ಆ ಸುಳ್ಳು ಕಾಗದದ ಪ್ರತಿ ಇಳಿಸಿಕೊಳ್ಳಿ. ಅದೇ ದಿನ ಬ್ಯಾಂಕಿಗೆ ತಿಳಿಸಿ. ಪೊಲೀಸರಿಗೂ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೂ ದೂರು ಕೊಡಿ. ಸುಳ್ಳು ದಾಖಲೆ ಎಂದು ಗೊತ್ತಿದ್ದೂ ಸರ್ಕಾರಿ ಕಚೇರಿಗೆ ಸಲ್ಲಿಸುವುದು ಇಲ್ಲಿ ದೊಡ್ಡ ಅಪರಾಧ. ಆಮೇಲೆ ಸರಿಯಾದ ವಿವರದ ಹೊಸ ಸ್ಟೇಟ್‌ಮೆಂಟ್ ಸಲ್ಲಿಸಿ.

ಈಗ ಮತದಾರರ ಪಟ್ಟಿ

ಅಮೆರಿಕದ ಪೌರತ್ವ ಇದ್ದವರು ಇದೇ ಕಚೇರಿಯ ‘ಮೈ ವೋಟರ್ ಸ್ಟೇಟಸ್’ ಪುಟದಲ್ಲಿ ಹೆಸರು, ಹುಟ್ಟಿದ ದಿನ, ಡ್ರೈವಿಂಗ್ ಲೈಸೆನ್ಸ್ ಸಂಖ್ಯೆ, ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ 4 ಅಂಕಿ ಹಾಕಿ ನೋಡಿ. ಮನೆ ಬದಲಾಯಿಸಿದ್ದರೆ ತಿದ್ದಿಸಿ.

ಪೌರತ್ವ ಇಲ್ಲದವರಿಗೂ ಈ ಭಾಗ ಬೇಕು, ಬಹುಶಃ ಜಾಸ್ತಿಯೇ ಬೇಕು. 2018ರ ಏಪ್ರಿಲ್‌ನಿಂದ ಲೈಸೆನ್ಸ್ ಕೊಡುವ ಡಿಎಂವಿ ಕಚೇರಿಯಲ್ಲಿ, ಬೇಡ ಎನ್ನದಿದ್ದರೆ, ಅರ್ಹರ ಮತದಾರರ ನೋಂದಣಿಯೂ ತಾನಾಗಿಯೇ ಆಗುತ್ತದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಸುಮಾರು 1,500 ಜನರ ಹೆಸರು ತಪ್ಪಾಗಿ ಪಟ್ಟಿ ಸೇರಿದೆ ಎಂದು ಡಿಎಂವಿ ಒಪ್ಪಿಕೊಂಡಿತು. ಅವರಲ್ಲಿ ಪೌರತ್ವ ಇಲ್ಲದವರೂ ಇದ್ದರು. ಎಚ್-1ಬಿ ಅಥವಾ ಗ್ರೀನ್ ಕಾರ್ಡ್ ಇರುವವರು ವೋಟು ಹಾಕಿದರೆ ದೇಶ ಬಿಡಬೇಕಾದೀತು. ಹಾಗಾಗಿ ಡಿಎಂವಿಯ ಪರದೆಯಲ್ಲಿ ಪೌರತ್ವದ ಪ್ರಶ್ನೆ ಬಂದಾಗ ಅವಸರ ಮಾಡಬೇಡಿ. ಕೇಳದೆಯೇ ಮತಪತ್ರ ಮನೆಗೆ ಬಂದರೆ ತುಂಬಬೇಡಿ. ನಿಮ್ಮ ಕೌಂಟಿಯ (ನಮ್ಮ ಜಿಲ್ಲೆ ಇದ್ದಂತೆ) ಚುನಾವಣಾ ಕಚೇರಿಗೆ ಬರೆದು ಹೆಸರು ತೆಗೆಸಿ, ಆ ಪತ್ರದ ಪ್ರತಿ ಜೋಪಾನವಾಗಿಡಿ, ವಲಸೆ ವಕೀಲರಿಗೂ ತಿಳಿಸಿ.

ವೋಟು ಇರುವವರಿಗೆ ಮತಪತ್ರ ಅಂಚೆಯಲ್ಲೇ ಬರುತ್ತದೆ. ಮತಪತ್ರ ಎಲ್ಲಿದೆ ಎಂದು ತಿಳಿಸುವ ‘ವೇರ್ಸ್ ಮೈ ಬ್ಯಾಲೆಟ್’ ಸೇವೆಯಲ್ಲಿ ಹೆಸರು ಕೊಟ್ಟರೆ ಅದು ಹೊರಟಾಗ, ವಾಪಸ್ ತಲುಪಿದಾಗ, ಎಣಿಕೆಯಾದಾಗ ಮೊಬೈಲಿಗೆ ಸಂದೇಶ ಬರುತ್ತದೆ. ಲಕೋಟೆಯ ಮೇಲಿನ ಸಹಿಯನ್ನು ದಾಖಲೆಯ ಸಹಿಯ ಜೊತೆ ಹೋಲಿಸಿ ನೋಡುತ್ತಾರೆ. ಲೈಸೆನ್ಸಿಗೆ ಕನ್ನಡದಲ್ಲಿ ಸಹಿ ಹಾಕಿದವರು ಇಲ್ಲೂ ಕನ್ನಡದಲ್ಲೇ ಹಾಕಿ. ಹೊಂದಿಕೆಯಾಗದಿದ್ದರೆ ಕೌಂಟಿಯಿಂದ ಒಂದು ಫಾರಂ ಬರುತ್ತದೆ. ಅದಕ್ಕೆ ಸಹಿ ಮಾಡಿ, ಅದರಲ್ಲಿ ಹೇಳಿದ ದಿನದೊಳಗೆ ವಾಪಸ್ ಕಳಿಸಿದರೆ ಆ ವೋಟನ್ನು ಎಣಿಸುತ್ತಾರೆ.