ನಾಲ್ಕು ಚೌಕದ ನಗೆಪಟ್ಟಿಯಿಂದ 40 ಸೆಕೆಂಡಿನ ಮೂಕಿ ಕಾರ್ಟೂನ್: ಕಾಗದ ಕತ್ತರಿಸುವ ಹಳೆಯ ದಾರಿ

ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಪಾತ್ರ ಬಿಡಿಸುವ ವಿಧಾನಕ್ಕೆ ಅನಿಮೇಟರ್ ಅರ್ಲ್ ಹರ್ಡ್ 1914ರಲ್ಲಿ ಅರ್ಜಿ ಹಾಕಿ 1915ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಅದೇ ಕಾಲದಲ್ಲಿ ನ್ಯೂಯಾರ್ಕಿನ ರೌಲ್ ಬಾರೆ ಬರೀ ಕಾಗದ ಮತ್ತು ಕತ್ತರಿಯಲ್ಲೇ ಕೆಲಸ ಸಾಗಿಸಿದ. ಹಾಳೆ ಅಲುಗದಂತೆ ತೂತು ಹೊಡೆದು ಗೂಟಕ್ಕೆ ಸಿಕ್ಕಿಸುವ ಪದ್ಧತಿಯೂ ಅವನದೇ ಎನ್ನುತ್ತಾರೆ. ಬಡ್ ಫಿಶರನ ಪತ್ರಿಕಾ ಪಟ್ಟಿ ‘ಮಟ್ ಅಂಡ್ ಜೆಫ್’ 1916ರಲ್ಲಿ ಬಾರೆ ಮತ್ತು ಚಾರ್ಲ್ಸ್ ಬವರ್ಸ್ ಕೈಯಲ್ಲಿ ತೆರೆಗೆ ಬಂತು. ಬಾರೆಯ ದಾರಿಯಲ್ಲೇ ನಾನೂ ಒಂದು ಪುಟ್ಟ ಕಾರ್ಟೂನು ಮಾಡಿದೆ. ಮಟ್, ಜೆಫ್ ಜೋಡಿಯಿಂದ ಪಡೆದದ್ದು ಒಬ್ಬ ಉದ್ದ, ಒಬ್ಬ ಗಿಡ್ಡ ಎಂಬುದನ್ನು ಮಾತ್ರ. ನಗೆ ನನ್ನದೇ: ಉದ್ದನೆಯವನು ಗೋಡೆಗೆ ಪೋಸ್ಟರ್ ಅಂಟಿಸುತ್ತಾನೆ, ಗಿಡ್ಡನೂ ಅದರಡಿ ಅಂಟಿಕೊಳ್ಳುತ್ತಾನೆ.

ಬೇಕಾದದ್ದು 80 ಜಿಎಸ್‌ಎಂ ಎ4 ಹಾಳೆ, ಆಫೀಸಿನ ಎರಡು ತೂತಿನ ಪಂಚ್, 6 ಮಿಮೀ ನುಣುಪು ಕಡ್ಡಿಯ ಎರಡು ತುಂಡು, ಒಂದು ಹಲಗೆ, ಹಾಳೆ ಒತ್ತಿಡಲು 5 ಮಿಮೀ ಗಾಜು, ಕಪ್ಪು ಇಂಕು. ಪಂಚಿನ ತೂತುಗಳ ನಡುವೆ 8 ಸೆಂಮೀ ಇರುತ್ತದೆ; ಗೂಟಗಳನ್ನೂ ಅಷ್ಟೇ ದೂರದಲ್ಲಿ ನೆಡಬೇಕು. ಬೋಲ್ಟ್ ಹಾಕಬೇಡಿ, ಅದರ ತಿರುಪಿನ ಗೀರು ತೂತನ್ನು ತಿಂದುಹಾಕುತ್ತದೆ. ಹತ್ತಾರು ಸಲ ಹಾಕಿ ತೆಗೆದರೆ ಸಾಕು, ಚಿತ್ರ ನಡುಗಲು ಶುರು. ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ. ಅದಕ್ಕೇ ಒಂದು ದೃಶ್ಯದ ಹಾಳೆಗಳನ್ನೆಲ್ಲ ಒಂದೇ ದಿನ ಪಂಚ್ ಮಾಡಿ, ಅಂದೇ ಶೂಟ್ ಮಾಡಿದೆ.

ಕತ್ತರಿಸುವುದರಲ್ಲೇ ಇಡೀ ಕಸುಬಿದೆ. ಅಂಟು ಬಳಿಯುವಾಗ ಉದ್ದನೆಯವನ ಮೈ ನಿಂತಲ್ಲೇ ಇರುತ್ತದೆ, ತೋಳು ಮಾತ್ರ ಆಡುತ್ತದೆ. ಮೈ, ಗೋಡೆ, ಏಣಿ ಮೂರೂ ಮೇಲಿನ ಒಂದೇ ಹಾಳೆಯಲ್ಲಿ. ತೋಳು ಓಡಾಡುವ ಜಾಗವನ್ನು ಬ್ಲೇಡಿನಿಂದ ತೆಗೆದುಬಿಟ್ಟೆ. ಅಡಿಯಲ್ಲಿ ಒಂದೊಂದಾಗಿ ಬದಲಾಗುವುದು ಬರೀ ತೋಳಿರುವ ಎಂಟು ಹಾಳೆ. ಬಿಳಿ ಜಾಗದ ಮಧ್ಯೆ ಕತ್ತರಿಸಿದರೆ ಅಂಚಿನ ನೆರಳು ಕೂದಲೆಳೆಯಂತೆ ಕಾಣುತ್ತದೆ. ಬ್ಲೇಡು ಅಂಗಿಯ ಅಥವಾ ಏಣಿಯ ಕಪ್ಪು ಗೆರೆಯ ಒಳಮೈಯಲ್ಲೇ ಸಾಗಬೇಕು, ಆಗ ಗೆರೆಯೇ ಅಂಚನ್ನು ನುಂಗುತ್ತದೆ. ಗೆರೆ 1 ಮಿಮೀಗಿಂತ ತೆಳ್ಳಗಿದ್ದರೆ ಇದು ಆಗದ ಮಾತು. ಕಿಂಡಿಯೊಳಗೆ ಬೀಳುವ ಇಟ್ಟಿಗೆಯ ಗೆರೆಗಳನ್ನು ಅಡಿಯ ಎಂಟೂ ಹಾಳೆಯಲ್ಲಿ ಮತ್ತೆ ಎಳೆಯಬೇಕು, ಅವು ಕುಣಿದೇ ಕುಣಿಯುತ್ತವೆ. ನಾನು ಆ ಜಾಗದಲ್ಲಿ ಇಟ್ಟಿಗೆಯನ್ನೇ ಬಿಡಿಸಲಿಲ್ಲ. ಆ ಕಾಲದ ಕಾರ್ಟೂನುಗಳ ಹಿನ್ನೆಲೆ ಬೋಳಾಗಿರುವುದು ಸೋಮಾರಿತನವೆಂದು ನನಗೀಗ ಅನ್ನಿಸುವುದಿಲ್ಲ.

ಪತ್ರಿಕೆಯಲ್ಲಿ ಎರಡು ಚೌಕದ ನಡುವಿನ ಹೊತ್ತನ್ನು ಓದುಗನೇ ತುಂಬಿಕೊಳ್ಳುತ್ತಾನೆ. ತೆರೆಯಲ್ಲಿ ನಾವು ತುಂಬಬೇಕು. ಗಿಡ್ಡ ಮಾಯವಾದ ಮೇಲೆ ಉದ್ದನೆಯವನನ್ನು ಒಂದೂವರೆ ಸೆಕೆಂಡು ಸುಮ್ಮನೆ ನಿಲ್ಲಿಸಿದೆ. ಮೊದಲು ಅರ್ಧ ಸೆಕೆಂಡು ಇಟ್ಟಿದ್ದೆ, ಯಾರಿಗೂ ನಗು ಬರಲಿಲ್ಲ.

ಮಾತಿನ ಬಲೂನು ಮೂಕಿ ಕಾರ್ಟೂನಿಗೆ ಪತ್ರಿಕೆಯಿಂದಲೇ ಬಂದ ಆಸ್ತಿ. ಕನ್ನಡದಲ್ಲಿ ಬರೆದರೆ ತೊಡಕು ಒತ್ತಕ್ಷರಗಳದು: ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರ 8 ಮಿಮೀ, ಸಾಲಿನ ನಡುವೆ ಇನ್ನೊಂದು 8 ಮಿಮೀ, ಐದು ಪದಕ್ಕಿಂತ ಹೆಚ್ಚಿಲ್ಲ. ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ಬಲೂನು ನಿಲ್ಲಬೇಕು. ಆಗ ಬಾಯಿ ಆಡಿಸಬೇಡಿ, ಕಣ್ಣು ಅತ್ತ ಹೋಗುತ್ತದೆ.

ಶೂಟ್ ಮಾಡುವ ಫೋನಿನಲ್ಲಿ ಎಕ್ಸ್‌ಪೋಷರ್ (ಬೆಳಕಿನ ಅಳತೆ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಕಪ್ಪು ಕೋಟಿನವನು ಚೌಕಟ್ಟಿನೊಳಗೆ ಕಾಲಿಟ್ಟ ಕೂಡಲೇ ಕಾಗದ ಬೆಳ್ಳಗಾಗುತ್ತದೆ. ದೀಪ ಎರಡು ಪಕ್ಕದಿಂದ, 45 ಡಿಗ್ರಿಯಲ್ಲಿ. ನೇರ ಮೇಲಿಂದ ಬಿದ್ದರೆ ಗಾಜಿನಲ್ಲಿ ಫೋನೇ ಕಾಣುತ್ತದೆ.

ಲೆಕ್ಕ ಸೆಕೆಂಡಿಗೆ 16 ಫ್ರೇಮು, ಒಂದು ಚಿತ್ರಕ್ಕೆ ಎರಡು. 40 ಸೆಕೆಂಡಿಗೆ 320 ಚಿತ್ರವಾಗಬೇಕಿತ್ತು. ನಡಿಗೆಯ ಎಂಟು ಹಾಳೆ, ತೋಳಿನ ಎಂಟು ಹಾಳೆ ಮತ್ತೆ ಮತ್ತೆ ಬಂದು 131ಕ್ಕೆ ಮುಗಿಯಿತು. ಎಡಿಟಿಂಗಿನಲ್ಲಿ ಸೆಕೆಂಡಿಗೆ 24 ಫ್ರೇಮಿನ ಟೈಮ್‌ಲೈನಿಗೆ ಹಾಕುವಾಗ ಪ್ರತಿ ಚಿತ್ರಕ್ಕೂ ಸರಿಯಾಗಿ ಮೂರು ಫ್ರೇಮು ಸಿಗುತ್ತದೆ. ಗಿಡ್ಡ ಏಣಿಯಿಂದ ಬೀಳುವುದನ್ನು ಮಾತ್ರ ಫ್ರೇಮಿಗೊಂದು ಚಿತ್ರದಂತೆ ಬಿಡಿಸಿದ್ದೆ. ಅಲ್ಲಿ ಪಾಲು ಸಮ ಬಾರದೆ ಎಡವುತ್ತದೆ. ಬೀಳುವವನು ತಾನೇ ಎಂದು ಹಾಗೇ ಬಿಟ್ಟೆ.