ಬೆಂಚಿನ ಮೇಲಿನ ಐದು ನಿಮಿಷ: ಸಿಟಿ ಸ್ಕ್ಯಾನ್ ರೂಮಿನಲ್ಲಿ ನನ್ನ ಅನುಭವ

ಸಿಟಿ ಸ್ಕ್ಯಾನ್ ಮಾಡುವವರಿಗೆಲ್ಲ ಗೊತ್ತಿರುವ ಗೋಳು ಇದು. ಮೆಷಿನ್ "ಉಸಿರು ಹಿಡಿದುಕೊಳ್ಳಿ" ಅನ್ನುತ್ತದೆ, ಟೇಬಲ್ ಮೇಲಿನ ಅಜ್ಜ "ಆಯ್ತು ಸಾರ್, ಹಿಡ್ಕೊಂಡೆ" ಅಂತ ಜೋರಾಗಿ ಉತ್ತರ ಕೊಡುತ್ತಾರೆ. ಅಲ್ಲಿಗೆ ಉಸಿರೂ ಹೋಯಿತು, ಇಮೇಜೂ ಹೋಯಿತು. ಪ್ಲೇನ್, ಅಂದರೆ ಇಂಜೆಕ್ಷನ್ ಇಲ್ಲದ ಸ್ಕ್ಯಾನ್ ಆದರೆ ಮತ್ತೆ ತೆಗೆಯಬಹುದು, ರೋಗಿಗೆ ಸುಮ್ನೆ ಜಾಸ್ತಿ ರೇಡಿಯೇಷನ್. ರಕ್ತನಾಳ, ಅಂಗಾಂಗ ಎದ್ದು ಕಾಣಲಿ ಅಂತ ಕೊಡುವ ಇಂಜೆಕ್ಷನ್, ಅಂದರೆ ಕಾಂಟ್ರಾಸ್ಟ್, ಹೋದ ಮೇಲೆ ಹೀಗಾದರೆ ಆರ್ಟೀರಿಯಲ್ ಫೇಸ್ (ಅದು ಅಪಧಮನಿಗಳಲ್ಲಿ ತುಂಬಿರುವ ಆ ಕೆಲವೇ ಸೆಕೆಂಡು) ಎಲ್ಲಿಂದ ತರುವುದು? ಕಿಡ್ನಿ ಅಷ್ಟಕ್ಕಷ್ಟೇ ಇರುವವರಿಗೆ ಕೂಡಲೇ ಇನ್ನೊಂದು ಡೋಸ್ ಕೊಡುವಂತೆಯೂ ಇಲ್ಲ.

ದಾವಣಗೆರೆ ಕಡೆಯ ಒಂದು ಸೆಂಟರಿನಲ್ಲಿ 16 ಸ್ಲೈಸ್ (ಒಂದು ಸುತ್ತಿಗೆ 16 ಪದರ ತೆಗೆಯುವ) ಮೆಷಿನ್ ಮೇಲೆ ನನ್ನ ಕೆಲಸ. ಹೀಗೆ ದಂಡವಾದ ಕಾಂಟ್ರಾಸ್ಟ್ ತಿಂಗಳಿಗೆ ನಾಲ್ಕೈದು ಬಾಟಲ್ ಆಗುತ್ತಿತ್ತು. ಬಾಟಲಿಗೆ 1,200 ಅಂತಲೇ ಇಟ್ಟುಕೊಳ್ಳಿ, ಅದರ ಮೇಲೆ ಸಿರಿಂಜು, ಟ್ಯೂಬಿಂಗ್.

ಮೊದಲು ಮೆಷಿನ್‌ನ ಆಟೋ ವಾಯ್ಸ್ ತೆಗೆದು ನಮ್ಮ ಕಡೆಯ ಮಾತಿನಲ್ಲಿ ರೆಕಾರ್ಡ್ ಮಾಡಿದೆ. "ಹೆದರಬ್ಯಾಡ್ರಿ, ನಿಧಾನಕ್ಕೆ ಉಸಿರು ಎಳೀರಿ" ಅಂತ ಸಮಾಧಾನವಾಗಿ ಹೇಳಿದ್ದೇ ತೊಂದರೆಯಾಯಿತು. ಬೋಲಸ್ ಟ್ರ್ಯಾಕಿಂಗ್‌ನಲ್ಲಿ, ಅಂದರೆ ಕಾಂಟ್ರಾಸ್ಟ್ ರಕ್ತನಾಳಕ್ಕೆ ಬಂದದ್ದನ್ನು ಮೆಷಿನ್ ನೋಡಿಕೊಂಡು ಸ್ಕ್ಯಾನ್ ಶುರುಮಾಡುವ ವಿಧಾನದಲ್ಲಿ, ಟ್ರಿಗರ್ ಆದ ಮೇಲೆ ಸಿಗುವುದೇ ಐದಾರು ಸೆಕೆಂಡು, ಅಷ್ಟರಲ್ಲಿ ಮಾತು ಮುಗಿಯುತ್ತಿರಲಿಲ್ಲ. ಚಿಕ್ಕದು ಮಾಡಿದೆ. ಸ್ವಲ್ಪ ಸುಧಾರಿಸಿತು, ಅಷ್ಟೇ. ಆಮೇಲೆ ಚಿತ್ರ ಹಾಕಿದ ಫ್ಲೆಕ್ಸ್ ಮಾಡಿಸಿದೆ, 600 ರೂಪಾಯಿ ಹೋಯಿತು, ಒಬ್ಬರೂ ಓದಲಿಲ್ಲ.

ಕೊನೆಗೆ ಕೈ ಹಿಡಿದದ್ದು ಹೊರಗಿನ ಬೆಂಚು. ಕ್ಯಾನುಲಾ (ಇಂಜೆಕ್ಷನ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕಿದ ಮೇಲೆ ರೋಗಿಯ ಪಕ್ಕ ಕೂತು ಐದು ನಿಮಿಷ ಮಾತಾಡುತ್ತೇನೆ. "40 ಕೇಸ್ ಇರೋ ದಿನ ಪಾಠ ಮಾಡ್ತಾ ಕೂತ್ಕೋತೀಯಾ?" ಅಂತ ಸೀನಿಯರ್ ರೇಗಿದ್ದರು. ಟೇಬಲ್ ಮೇಲೆ ಒಂದು ರೋಗಿ ಇರುವಾಗಲೇ ಹೊರಗೆ ಇನ್ನೊಬ್ಬರ ತಯಾರಿ ನಡೆದರೆ ಟೈಮ್ ಉಳಿಯುತ್ತದೆ ಅಂದರೆ ಯಾರೂ ನಂಬಲಿಲ್ಲ.

ರೋಗಿಯ ಕೈಯನ್ನು ಅವರ ಹೊಟ್ಟೆ ಮೇಲೇ ಇಡಿಸುತ್ತೇನೆ. ಉಸಿರು ಎಳೆಯಿರಿ, ಹಿಡಿಯಿರಿ, ಕೈ ಅಲ್ಲಾಡಬಾರದು, ನಾನು ಹತ್ತು ಎಣಿಸುತ್ತೇನೆ. ಮೆಷಿನ್ ಮಾತಾಡಿದರೆ ಉತ್ತರ ಕೊಡಬೇಡಿ. ಎರಡು ಮೂರು ಸಲ ಮಾಡಿಸಿದರೆ ಸಾಕು. ಪ್ರತಿ ಸಲವೂ ಅಷ್ಟೇ ಉಸಿರು ಎಳೆಯುವ ಹಾಗೆ ಮಾಡಲು ನನ್ನದೊಂದು ಅಳತೆ ಇದೆ, ಅದನ್ನು ಇಲ್ಲಿ ಬರೆಯಲ್ಲ, ಎದುರಿಗೆ ಬಂದವರಿಗೆ ತೋರಿಸುತ್ತೇನೆ. ಹತ್ತು ಎಣಿಸುವಷ್ಟು ಹಿಡಿಯಲಾಗದವರು ಯಾರು ಅನ್ನುವುದೂ ಬೆಂಚಿನಲ್ಲೇ ಗೊತ್ತಾಗುತ್ತದೆ. ಅಂಥವರ ಎದೆ ಸ್ಕ್ಯಾನನ್ನು ಕೆಳಗಿನಿಂದ ಮೇಲಕ್ಕೆ ತೆಗೆಯುತ್ತೇನೆ. ಕೊನೆಯಲ್ಲಿ ಉಸಿರು ಬಿಟ್ಟರೂ ಮೇಲಿನ ಭಾಗ ಅಷ್ಟು ಅಲ್ಲಾಡುವುದಿಲ್ಲ ಅಲ್ವಾ.

ಕಾಂಟ್ರಾಸ್ಟ್ ಬಗ್ಗೆ ಮುಚ್ಚಿಡುವುದು ಏನೂ ಇಲ್ಲ. ಗಂಟಲಿನಿಂದ ಕೆಳಗೆ ಬಿಸಿ ಇಳಿಯುತ್ತದೆ, ಬಾಯಿ ಕಬ್ಬಿಣ ನೆಕ್ಕಿದ ಹಾಗಾಗುತ್ತದೆ, ಬಟ್ಟೆಯಲ್ಲೇ ಮೂತ್ರ ಹೋದಂತೆ ಅನಿಸುತ್ತದೆ, ಹೋಗಿರುವುದಿಲ್ಲ. ಸುಮಾರು ಒಂದು ನಿಮಿಷದಲ್ಲಿ ಇಳಿದುಬಿಡುತ್ತದೆ. ಇದನ್ನು ಹೇಳದೆ ಇದ್ದರೆ ಹೆಂಗಸರು ನಾಚಿಕೆಯಿಂದ ಏಳಲು ಹೋಗುತ್ತಾರೆ, ಸ್ಕ್ಯಾನ್ ಅಲ್ಲಿಗೇ ಹಾಳು. ಆದರೆ ಸೂಜಿ ಹಾಕಿದ ಜಾಗ ನೋಯುತ್ತಾ ಊದಿದರೆ, ಮೈ ತುರಿಸಿದರೆ, ಉಸಿರು ಕಟ್ಟಿದರೆ ಆಗ ಕೂಗಲೇಬೇಕು ಅಂತ ಬಿಡಿಸಿ ಹೇಳುತ್ತೇನೆ. "ಪೆಟ್ಟಿಗೆಯೊಳಗೆ ಹಾಕ್ತೀರಾ ತಮ್ಮಾ?" ಅಂತ ಕೇಳುವವರಿಗೆ ಬಾಗಿಲು ತೆರೆದು ಮೆಷಿನ್ ತೋರಿಸುತ್ತೇನೆ. ಎಂಆರ್‌ಐ ಕೊಳವೆ ನೋಡಿ ಹೆದರಿದವರು ಈ ಬಳೆ ನೋಡಿದ ಕೂಡಲೇ ನಿರಾಳವಾಗುತ್ತಾರೆ.

ತಾಳಿ ವಿಷಯ ಬೇರೆಯೇ ಕಥೆ. ಎದೆ ಸ್ಕ್ಯಾನ್‌ಗೆ ತೆಗೆಯಿರಿ ಅಂದರೆ ಕಣ್ಣೀರೇ ಬರುತ್ತದೆ, ಬಿಟ್ಟರೆ ಇಮೇಜ್ ತುಂಬ ಗೆರೆ. ಅರಿಶಿನ ದಾರ, ಅರಿಶಿನ ಕೊಂಬು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ. ಜೊತೆಗೆ ಬಂದವರು ಅದನ್ನು ಕಟ್ಟಿದ ಮೇಲೆ ತಾಳಿ ತೆಗೆದು ಅವರ ಕೈಗೇ ಕೊಡುತ್ತೇವೆ. ಖರ್ಚು ತಿಂಗಳಿಗೆ 50 ರೂಪಾಯಿಯೂ ಬರುವುದಿಲ್ಲ.

ಕರುಳು ಚೆನ್ನಾಗಿ ಕಾಣಲಿ ಅಂತ ಹೊಟ್ಟೆ ಸ್ಕ್ಯಾನ್‌ಗೆ ಮುಂಚೆ ಕುಡಿಸುವ ಮ್ಯಾನಿಟಾಲ್ ನೀರಿನ ಮೇಲೂ ಸ್ವಲ್ಪ ಪ್ರಯೋಗ ಮಾಡಿದೆ. ಒಂದು ಒಂದೂವರೆ ಲೀಟರ್ ಬಾಟಲ್ ಕೈಗೆ ಕೊಟ್ಟು ಕುಡಿಯಿರಿ ಅಂದರೆ ಮೊದಲು ಸುಮ್ನೆ ಕೂತು, ಕೊನೆಗೆ ಗಟಗಟ ಕುಡಿದು ವಾಂತಿ ಮಾಡುತ್ತಾರೆ. ಬಾಟಲಿಗೆ ಪ್ಲಾಸ್ಟರ್ ಅಂಟಿಸಿ ನಾಲ್ಕು ಗೆರೆ ಹಾಕಿ, ಕಾಲು ಗಂಟೆಗೊಂದು ಗೆರೆ ಅಂದೆ. ಈಗ ಮುಕ್ಕಾಲು ಪಾಲು ಜನ ಪೂರ್ತಿ ಕುಡಿಯುತ್ತಾರೆ. ಸಂಜೆ ಹೊಟ್ಟೆ ಸಡಿಲ ಆಗಬಹುದು ಅಂತ ಮೊದಲೇ ಹೇಳಿಬಿಡಿ, ರಾತ್ರಿ ಫೋನ್ ತಪ್ಪುತ್ತದೆ.

ಈಗ ತಿಂಗಳಿಗೆ ಒಂದು ಬಾಟಲ್ ದಂಡವಾದರೆ ಹೆಚ್ಚು. ರೇಗಿದ್ದ ಸೀನಿಯರೇ ಹೊಸ ಹುಡುಗರನ್ನು ನನ್ನ ಪಕ್ಕ ಕೂರಿಸುತ್ತಾರೆ. ಆ್ಯಕ್ಸಿಡೆಂಟ್, ಸ್ಟ್ರೋಕ್ ಕೇಸಿಗೆ ಇದ್ಯಾವುದೂ ನಡೆಯಲ್ಲ, ಅವರನ್ನು ನೇರ ಟೇಬಲ್‌ಗೆ ತೆಗೆದುಕೊಳ್ಳಬೇಕು. ಉಳಿದವರ ಕ್ಯಾನುಲಾವನ್ನು ಮಾತ್ರ ಸ್ಕ್ಯಾನ್ ಆದ ಕೂಡಲೇ ಕೀಳಬೇಡಿ. ಅರ್ಧ ಗಂಟೆ ಕೂರಿಸಿ ಮೈ ಮೇಲೆ ಗಂಧೆ ಎದ್ದಿದೆಯಾ ನೋಡಿ. ಹರಿಹರದ ಬಸ್ ತಪ್ಪುತ್ತೆ ಅಂದರೂ ನಾನು ಬಿಡುವುದಿಲ್ಲ, ಮುಂದಿನ ಬಸ್ ಇದ್ದೇ ಇರುತ್ತದೆ.